ಹಲ್ಲಿತಲೆಯವನ ಊಟದ ಮೇಜು

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ನಾವು ಮೆಚ್ಚಿ ಬರೆದ ‘ಡೊರೊಹೆಡೊರೊ’ ಎಂಬ ಜಪಾನಿನ ಆನಿಮೆ (ಆನಿಮೇಷನ್) ಸರಣಿಯ ಬಗ್ಗೆ ನೀವು ಕಳುಹಿಸಿದ ಪತ್ರ ನನ್ನ ಮುಂದಿದೆ. ಕಾಲೇಜಿಗೆ ಹೋಗುವ ಮಗಳು ಕೋಣೆಯಲ್ಲಿ ಒಬ್ಬಳೇ ಗಟ್ಟಿಯಾಗಿ ನಗುತ್ತಿದ್ದಳೆಂದು ನೀವು ಇಣುಕಿ ನೋಡಿದಿರಿ. ಪರದೆಯ ಮೇಲೆ ಹಲ್ಲಿಯ ತಲೆ ಹೊತ್ತ ದಾಂಡಿಗನೊಬ್ಬ ಇನ್ನೊಬ್ಬನ ತಲೆಯನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡಿದ್ದ. “ಇದರಲ್ಲಿ ನಗುವುದಕ್ಕೇನಿದೆ? ರಕ್ತ ಕಂಡು ನಗುವ ಮಕ್ಕಳ ಮನಸ್ಸು ಕಲ್ಲಾಗುವುದಿಲ್ಲವೇ? ನಿಮ್ಮಂಥ ಪತ್ರಿಕೆ ಇದನ್ನು ನೋಡಿ ಎನ್ನಬಹುದೇ?” ಎಂದು ಕೇಳಿದ್ದೀರಿ. ಎರಡು ಸಾಲು ಬರೆದು ಕೈತೊಳೆದುಕೊಳ್ಳುವ ಪ್ರಶ್ನೆ ಇದಲ್ಲ.

ನೀವು ಕಂಡ ದೃಶ್ಯದಿಂದಲೇ ಶುರುಮಾಡುತ್ತೇನೆ. ಹಲ್ಲಿತಲೆಯವನ ಹೆಸರು ಕೈಮನ್. ಯಾರೋ ಮಾಂತ್ರಿಕರು ಅವನ ಮುಖವನ್ನು ಹೀಗೆ ಮಾಡಿಬಿಟ್ಟಿದ್ದಾರೆ ಎಂಬುದಷ್ಟೇ ಅವನಿಗೆ ಗೊತ್ತು. ಹಿಂದಿನ ನೆನಪೆಲ್ಲ ಅಳಿಸಿಹೋಗಿದೆ. ಅವನ ಗಂಟಲಿನ ಆಳದಲ್ಲಿ ಬೇರೊಬ್ಬ ಮನುಷ್ಯನ ಮುಖವಿದೆ. ಸಿಕ್ಕ ಮಾಂತ್ರಿಕನ ತಲೆಯನ್ನು ಬಾಯಿಗೆ ಹಾಕಿಕೊಂಡು ಆ ಒಳಗಿನವನಿಗೆ ತೋರಿಸುತ್ತಾನೆ, ಹೊರಗೆ ತೆಗೆದು ಕೇಳುತ್ತಾನೆ: ನನ್ನ ಬಾಯಿಯೊಳಗಿನವನು ಏನೆಂದ? ‘ನೀನಲ್ಲ’ ಎಂದ ಎಂಬ ಉತ್ತರ ಬರುತ್ತದೆ. ತನ್ನ ಗುರುತು ತನ್ನ ಗಂಟಲಲ್ಲೇ ಇದ್ದರೂ ಅದನ್ನು ಕಾಣಲಾಗದೆ, ಪ್ರಾಣಭಯದಲ್ಲಿ ನಡುಗುತ್ತಿರುವ ಅಪರಿಚಿತನನ್ನು ಕೇಳಿ ತಿಳಿಯಬೇಕು. ನಿಮ್ಮ ಮಗಳು ನಕ್ಕದ್ದು ಈ ವಿಚಿತ್ರಕ್ಕೆ. ನಾನೂ ನಕ್ಕಿದ್ದೆ. ಆದರೆ ಆ ಪ್ರಶ್ನೆ ಕೇಳುವಾಗಿನ ಅವನ ಆತುರ ಮನಸ್ಸಿನಲ್ಲಿ ಉಳಿದುಬಿಡುತ್ತದೆ.

ಇಷ್ಟಾದ ಮೇಲೆ ಕೈಮನ್ ಊಟಕ್ಕೆ ಹೋಗುತ್ತಾನೆ. ಈ ಸರಣಿಯ ಜೀವ ಇರುವುದು ಅಲ್ಲಿ. ಅವನ ಗೆಳತಿ ನಿಕಾಯ್ಡೊ ಒಂದು ಪುಟ್ಟ ಹೋಟೆಲು ನಡೆಸುತ್ತಾಳೆ. ಅಲ್ಲಿನ ವಿಶೇಷ ಗ್ಯೋಜಾ. ಆಕಾರದಲ್ಲಿ ನಮ್ಮ ಕರಿಗಡುಬಿನಂತೆಯೇ ಮಡಚಿ ಅಂಚು ನೆರಿಗೆ ಹಿಡಿದ ತಿಂಡಿ. ಒಳಗೆ ಖಾರದ ಹೂರಣ, ಬಾಣಲೆಯಲ್ಲಿ ಅಡಿ ಕೆಂಪಗಾಗುವ ತನಕ ಬೇಯಿಸುತ್ತಾರೆ. ಮೈಮೇಲಿನ ರಕ್ತದ ಕಲೆಯಷ್ಟೇ ಶ್ರದ್ಧೆಯಿಂದ ತಟ್ಟೆಯಲ್ಲಿನ ಗ್ಯೋಜಾದ ಕೆಂಪನೆಯ ಗರಿಗರಿ ಅಡಿಯನ್ನೂ ಇಲ್ಲಿ ಚಿತ್ರಿಸಿದ್ದಾರೆ. ಆ ಉದ್ದ ಮೂತಿಯವನು ತಟ್ಟೆಯ ಮೇಲೆ ತಟ್ಟೆ ಖಾಲಿಮಾಡುವುದನ್ನು ನೋಡಿದರೆ ನೋಡುವವರ ಬಾಯಲ್ಲೂ ನೀರೂರುತ್ತದೆ.

ಅವರಿಬ್ಬರು ಬದುಕುವ ಊರಿನ ಹೆಸರು ‘ಹೋಲ್’, ಅಂದರೆ ಗುಂಡಿ. ಮಾಂತ್ರಿಕರ ಲೋಕ ಬೇರೆ. ಅವರು ಬಾಗಿಲೊಂದನ್ನು ಸೃಷ್ಟಿಸಿ ಈ ಬಡ ಊರಿಗೆ ಬಂದು, ಬೆರಳಿನಿಂದ ಕಪ್ಪು ಹೊಗೆ ಬಿಟ್ಟು ಇಲ್ಲಿನ ಜನರ ಮೇಲೆ ಮಂತ್ರವಿದ್ಯೆಯ ಅಭ್ಯಾಸ ಮಾಡುತ್ತಾರೆ. ಮಂತ್ರಕ್ಕೆ ಸಿಕ್ಕಿ ಅಂಗ ವಿಕಾರವಾದವರಿಗೆಂದೇ ಊರಿನ ಆಸ್ಪತ್ರೆಯಲ್ಲಿ ಪ್ರತ್ಯೇಕ ವಾರ್ಡ್ ಇದೆ. ಬಲವಿದ್ದವನ ಕಲಿಕೆಗೆ ಬಲವಿಲ್ಲದವನ ಮೈಯೇ ಹಲಗೆ. ಇದನ್ನು ಯಾವ ಪಾತ್ರವೂ ನಿಂತು ಭಾಷಣ ಮಾಡಿ ಹೇಳುವುದಿಲ್ಲ. ತುಕ್ಕು ಹಿಡಿದ ಕೊಳವೆ, ಸುಲಿದ ಗೋಡೆ, ಮಾಂತ್ರಿಕರ ಮೈಗೆ ಆಗದ ಕೊಳಕು ಮಳೆ ಹೇಳುತ್ತವೆ. ಶಿಂಜಿ ಕಿಮುರಾ ಅವರ ಹಿನ್ನೆಲೆ ಚಿತ್ರಗಳನ್ನು ಒಮ್ಮೆ ನಿಲ್ಲಿಸಿ ನೋಡಿ; ಒಂದು ಗಲ್ಲಿಯ ಚಿತ್ರದಲ್ಲಿ ಕಣ್ಣಿಗೆ ಅರ್ಧ ಗಂಟೆಯ ಕೆಲಸವಿದೆ. ಜಪಾನಿ ಭಾಷೆಯಲ್ಲಿ ‘ಡೊರೊ’ ಎಂದರೆ ಕೆಸರು, ‘ಹೆಡೊರೊ’ ಎಂದರೆ ಕೊಳೆತ ರಾಡಿ. ಹೆಸರೇ ಹಾಗೆ.

ಹಾಗಾದರೆ ಮಾಂತ್ರಿಕರು ದುಷ್ಟರು, ಊರಿನವರು ಶಿಷ್ಟರು ಎಂದುಕೊಳ್ಳುತ್ತೇವೆ. ಸರಣಿ ಹಾಗೆ ಬಿಡುವುದಿಲ್ಲ, ನಮ್ಮನ್ನು ಮಾಂತ್ರಿಕರ ಮನೆಯೊಳಕ್ಕೂ ಕರೆದೊಯ್ಯುತ್ತದೆ. ಅವರ ದೊರೆ ಎನ್, ತನ್ನ ಹೊಗೆ ತಗುಲಿದ್ದನ್ನೆಲ್ಲ ಅಣಬೆ ಮಾಡುವವನು. ಅವನ ಬಂಟ ಶಿನ್ ಸುತ್ತಿಗೆ ಹಿಡಿದು ನಡೆಯುವ ಕೊಲೆಗಾರ. ಶಿನ್‌ನ ತಂದೆ ಹೋಲ್‌ನವನು, ತಾಯಿ ಮಾಂತ್ರಿಕಳು. ಮಾಂತ್ರಿಕರನ್ನು ಬೇಟೆಯಾಡುವ ಊರಿನವರ ದಂಡೇ ಆ ತಂದೆಯನ್ನು ಕೊಂದಿತು. ಆ ಹುಡುಗ ಸುತ್ತಿಗೆ ಎತ್ತಿಕೊಂಡದ್ದು ಆಗ. ಅವನ ಜೊತೆಗಾತಿ ನೋಯಿ ಆಳೆತ್ತರದ ಕಟ್ಟುಮಸ್ತಾದ ಹೆಣ್ಣು. ಅವನು ಕತ್ತರಿಸಿದರೆ ಇವಳು ಕೂಡಿಸಿ ಗುಣಪಡಿಸುತ್ತಾಳೆ. ದೆವ್ವವಾಗುವ ಕಠಿಣ ತರಬೇತಿಯನ್ನು ಈ ಗೆಳೆಯನಿಗಾಗಿ ಬಿಟ್ಟುಬಂದವಳು. ಕಥೆಯ ಆರಂಭದಲ್ಲೇ ಜೊತೆಗಾರನನ್ನು ಕಳೆದುಕೊಂಡ ಫುಜಿತಾ ಎಂಬ ಸಣ್ಣ ಮಾಂತ್ರಿಕನನ್ನು ನಾನು ಮರೆಯಲಾರೆ. ಕೈಮನ್ನನ ಹಲ್ಲಿಗೆ ಸಿಕ್ಕಿ ಬುದ್ಧಿ ಕದಡಿಹೋದ ಎಬಿಸು ಎಂಬ ಹುಡುಗಿಯನ್ನು ಅವನು ತಂಗಿಯಂತೆ ನೋಡಿಕೊಳ್ಳುತ್ತಾನೆ. ನಾವು ಮೊದಲ ಕಂತಿನಲ್ಲಿ ನಕ್ಕ ಕಡಿತದ ಗಾಯ ಅದು. ಕಂತು ಕಂತಿಗೂ ಅವಳ ಜೊತೆಗೇ ಬರುತ್ತದೆ.

ಮನಸ್ಸು ಕಲ್ಲಾಗುತ್ತದೆಯೇ ಎಂದಿರಿ. ಬೀಭತ್ಸದಿಂದ ಭಯಾನಕ ಹುಟ್ಟುತ್ತದೆ ಎನ್ನುತ್ತದೆ ನಾಟ್ಯಶಾಸ್ತ್ರ. ಇಲ್ಲಿ ಬೀಭತ್ಸದ ಹೊಟ್ಟೆಯಲ್ಲಿ ಹಾಸ್ಯ ಹುಟ್ಟುತ್ತದೆ, ಅದರ ಹಿಂದೆಯೇ ಕರುಣೆ ಬಂದು ನಿಲ್ಲುತ್ತದೆ. ಶಿನ್‌ನ ಹೊಗೆ ತಗುಲಿದವನು ತುಂಡುತುಂಡಾದರೂ ಸಾಯುವುದಿಲ್ಲ. ಸತ್ತವರನ್ನು ಬದುಕಿಸುವ ಒಂದು ಸಾಕುಪ್ರಾಣಿಯೂ ಎನ್‌ನ ಮನೆಯಲ್ಲಿದೆ. ಕೈಕಾಲು ಹೋದರೆ ಬರುತ್ತವೆ. ಹೋದ ನೆನಪು, ಮುರಿದ ನಂಬಿಕೆ ಬರುವುದು ಕಷ್ಟ. ಕೈಮನ್ನನಿಗೆ ಬಡಿಸುವ ನಿಕಾಯ್ಡೊ ತಾನೂ ಮಾಂತ್ರಿಕಳೆಂಬುದನ್ನು ಅವನಿಂದ ಮುಚ್ಚಿಟ್ಟಿದ್ದಾಳೆ. ಅದು ಬಯಲಾಗುವ ಗಳಿಗೆಗೆ ನಾನು ಹೆದರಿದಷ್ಟು ಯಾವ ಸುತ್ತಿಗೆಯ ಪೆಟ್ಟಿಗೂ ಹೆದರಲಿಲ್ಲ.

ಕುಂದುಗಳಿಲ್ಲವೆಂದು ಹೇಳಲಾರೆ. ಕಂಪ್ಯೂಟರಿನಲ್ಲಿ ರೂಪಿಸಿದ ಪಾತ್ರಗಳ ಚಲನೆ ಕೆಲವೆಡೆ ಬಿಗಿಯಾಗಿದೆ. ಅನವಶ್ಯಕ ನಗ್ನತೆ ಅಲ್ಲಲ್ಲಿ ಇದೆ. ಇದು ದೊಡ್ಡವರಿಗೆಂದೇ ಮಾಡಿದ ಸರಣಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಖಂಡಿತ ಅವರ ಮುಂದೆ ಹಚ್ಚಬೇಡಿ. ಈ ಮಾತನ್ನು ಕಳೆದ ಸಂಚಿಕೆಯಲ್ಲೇ ನಾವು ಬರೆಯಬೇಕಿತ್ತು. ಅಷ್ಟರಮಟ್ಟಿಗೆ ನಿಮ್ಮ ಆಕ್ಷೇಪ ಸರಿ, ಕ್ಷಮೆ ಕೇಳುತ್ತೇನೆ.

ಮಾಪ್ಪಾ ಸ್ಟುಡಿಯೊ 2020ರಲ್ಲಿ, ಯೂಇಚಿರೊ ಹಯಾಶಿ ಅವರ ನಿರ್ದೇಶನದಲ್ಲಿ ತಂದ ಮೊದಲ ಹನ್ನೆರಡು ಕಂತುಗಳು ಕೈಮನ್ನನ ಪ್ರಶ್ನೆಗೆ ಉತ್ತರ ಕೊಡದೆಯೇ ನಿಲ್ಲುತ್ತವೆ. ಪೂರ್ತಿ ಕಥೆ ಬೇಕೆಂದರೆ ಕ್ಯೂ ಹಯಾಶಿದಾ ಎಂಬ ಕಲಾವಿದೆ 2000ದಿಂದ 2018ರವರೆಗೆ ಬರೆದು ಚಿತ್ರಿಸಿದ ಮಾಂಗಾದ (ಜಪಾನಿ ಚಿತ್ರಕಥೆಯ) 23 ಸಂಪುಟಗಳಿವೆ. ಹದಿನೆಂಟು ವರ್ಷ ಒಂದೇ ಕೆಸರಿನಲ್ಲಿ ಕೈಯಿಟ್ಟು ಇಷ್ಟು ಜೀವಗಳನ್ನು ಎತ್ತಿದ ಆ ಕೈಗೆ ನನ್ನ ನಮಸ್ಕಾರ.

ಒಂದು ಕೋರಿಕೆ. ಇಂದು ರಾತ್ರಿ ಮಗಳ ಪಕ್ಕ ಕುಳಿತು ಮೊದಲ ಕಂತನ್ನು ಆರಂಭದಿಂದ ನೋಡಿ. ರಕ್ತ ಕಂಡಾಗ ಬೇಕಾದರೆ ಮುಖ ತಿರುಗಿಸಿ, ಗ್ಯೋಜಾ ಬಂದಾಗ ತಿರುಗಿಸಬೇಡಿ. ಮುಗಿದ ಮೇಲೆ ಅವಳನ್ನೇ ಕೇಳಿ, ಆ ಬಾಯಿಯೊಳಗಿನವನು ಯಾರಿರಬಹುದು ಎಂದು. ಅವಳು ಏನೆಂದಳು ಎಂಬುದನ್ನು ನನಗೆ ಬರೆಯಿರಿ.

— ಸಂಪಾದಕ