ಹಳ್ಳದ ಮಣ್ಣು ಮತ್ತು ನಕ್ಷೆಯ ಕೆಂಪು ಗುರುತು

ಪ್ರಶ್ನೆ: ಭೂವೈಜ್ಞಾನಿಕ ಇಲಾಖೆಯವರು ನಮ್ಮೂರಿನ ಹಳ್ಳದಲ್ಲಿ ಒಂದಿಷ್ಟು ಮಣ್ಣು ಜರಡಿ ಹಿಡಿದು ಚೀಲಕ್ಕೆ ತುಂಬಿಕೊಂಡು ಹೋದರು. ಗುಡ್ಡವನ್ನು ಮುಟ್ಟಲೇ ಇಲ್ಲ. ಇದರಿಂದ ಖನಿಜ ಹೇಗೆ ತಿಳಿಯುತ್ತದೆ?
— ಓದುಗರೊಬ್ಬರು, ಬಾದಾಮಿ ತಾಲ್ಲೂಕು

ಉತ್ತರ: ಗುಡ್ಡವನ್ನು ಅವರು ಮುಟ್ಟದಿದ್ದರೂ ಮಳೆ ಮುಟ್ಟಿದೆ. ಮೇಲಿನ ಇಳಿಜಾರುಗಳ ಕಲ್ಲೆಲ್ಲ ಸವೆದು, ಬೆರೆತು ಹಳ್ಳದ ತಳಕ್ಕೆ ಬಂದಿರುತ್ತದೆ. ಆದ್ದರಿಂದ ಅಲ್ಲಿನ ಒಂದು ಹಿಡಿ ಮಣ್ಣು, ಗುಡ್ಡದಲ್ಲಿ ಒಡೆದು ತಂದ ಒಂದು ಕಲ್ಲಿಗಿಂತ ಎಷ್ಟೋ ಹೆಚ್ಚಿನ ಪ್ರದೇಶದ ವಿಷಯವನ್ನು ಹೇಳುತ್ತದೆ. ಮಲಪ್ರಭೆಯಂತಹ ದೊಡ್ಡ ಹೊಳೆಯಲ್ಲಿ ಮಾದರಿ ತೆಗೆಯುವುದಿಲ್ಲ, ಏಕೆಂದರೆ ದೂರದೂರದ ಮಣ್ಣು ಅಲ್ಲಿ ಕಲೆತು ಯಾವುದು ಎಲ್ಲಿಯದೆಂದು ಗೊತ್ತಾಗದಂತಾಗುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ರಾಷ್ಟ್ರೀಯ ಭೂರಾಸಾಯನಿಕ ನಕ್ಷೆ ಕಾರ್ಯದಲ್ಲಿ ಪ್ರತಿ ಚದರ ಕಿಲೋಮೀಟರಿಗೆ ಒಂದರಂತೆ ಮಾದರಿ ತೆಗೆದು, ನಾಲ್ಕನ್ನು ಬೆರೆಸಿ, 2 ಕಿ.ಮೀ. ಉದ್ದ, 2 ಕಿ.ಮೀ. ಅಗಲದ ಚೌಕಕ್ಕೆ ಒಂದು ಮಾದರಿಯನ್ನಾಗಿ ಮಾಡುತ್ತಾರೆ. ಅದರ ನುಣುಪು ಭಾಗವನ್ನಷ್ಟೇ ಪ್ರಯೋಗಾಲಯಕ್ಕೆ ಕಳಿಸಿ ಹತ್ತಾರು ಧಾತುಗಳನ್ನು ಅಳೆಯುತ್ತಾರೆ. ಊರಿನ ತಿಪ್ಪೆ, ರಸ್ತೆ, ಸೇತುವೆಗಳಿಂದ ದೂರದ ಜಾಗವನ್ನೇ ಆರಿಸುವುದು ಈ ಕೆಲಸದ ಅರ್ಧ ಜಾಣತನ.

ಪ್ರಶ್ನೆ: ನಕ್ಷೆಯಲ್ಲಿ ನಮ್ಮ ಭಾಗವು ತಾಮ್ರಕ್ಕೆ ಕೆಂಪಾಗಿ ಕಾಣುತ್ತದೆ, ಇಳಕಲ್ ಕಡೆಯ ನಮ್ಮ ಬೀಗರ ಊರು ಹಳದಿಯಾಗಿದೆ. ನಮ್ಮ ಹೊಲದಡಿ ತಾಮ್ರದ ಅದಿರು ಇರಬಹುದೇ?
— ದ್ರಾಕ್ಷಿ ಬೆಳೆಗಾರರು, ತಿಕೋಟಾ

ಉತ್ತರ: ಕೆಂಪು ಎಂದರೆ ಹಳ್ಳದ ಮಣ್ಣಿನಲ್ಲಿ ತಾಮ್ರದ ಅಂಶ ಹೆಚ್ಚಿದೆ ಎಂದಷ್ಟೇ; ಆ ಬಣ್ಣವೊಂದರಿಂದ ಅದಿರಿದೆಯೆಂದು ತಿಳಿಯಲಾಗದು. ನಿಮ್ಮ ಎರೆ ಭೂಮಿಯ ಕೆಳಗಿರುವುದು ದಖ್ಖನ್ ಟ್ರ್ಯಾಪಿನ ಕರಿಕಲ್ಲು, ಅಂದರೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಈ ಕಲ್ಲಿನಲ್ಲಿ ದಶಲಕ್ಷ ಭಾಗಕ್ಕೆ 100ರಿಂದ 200 ಭಾಗದಷ್ಟು ತಾಮ್ರ ಇರುವುದು ಸಹಜ. ಇಳಕಲ್ಲಿನ ಕೆಂಪು ಗ್ರಾನೈಟಿನಂತಹ ಕಲ್ಲಿನಲ್ಲಿ ಅದು ಸಾಮಾನ್ಯವಾಗಿ ಹತ್ತಿಪ್ಪತ್ತು ಭಾಗ ಮಾತ್ರ. ಹೀಗಾಗಿ ನಿಮ್ಮಲ್ಲಿ 150 ಕಂಡರೆ ಪರಿಣತರು ಹುಬ್ಬೇರಿಸುವುದಿಲ್ಲ. ಬೀಗರ ಊರಿನ ಹಳ್ಳದಲ್ಲಿ 80 ಕಂಡರೆ ಮತ್ತೊಮ್ಮೆ ಹೋಗಿ ನೋಡುತ್ತಾರೆ. ಎರಡೂ ಕಡೆಗೆ ಒಂದೇ ಅಳತೆಗೋಲು ಹಿಡಿದು ಬಣ್ಣ ಬಳಿದ ನಕ್ಷೆ ಹೆಚ್ಚಾಗಿ ತೋರಿಸುವುದು ಕಲ್ಲಿನ ಜಾತಿಯನ್ನೇ ಹೊರತು ಅದಿರನ್ನಲ್ಲ. ಪತ್ರಿಕೆಗಳಲ್ಲಿ ಬರುವ "ನಿಕ್ಷೇಪ ಪತ್ತೆ" ಸುದ್ದಿಗಳನ್ನು ಓದುವಾಗಲೂ ಇದು ನೆನಪಿರಲಿ.

ಕರಿಕಲ್ಲಿನ ನಾಡಿನಲ್ಲಿ ತಾಮ್ರದ ಜೊತೆಗೆ ವೆನೇಡಿಯಂ, ಟೈಟಾನಿಯಂಗಳೂ ಹೆಚ್ಚಾಗಿಯೇ ಇರುತ್ತವೆ. ಅವುಗಳ ಪ್ರಮಾಣಕ್ಕೆ ಹೊಂದದೆ ತಾಮ್ರವೊಂದೇ ಮೇಲೆದ್ದು ಕಂಡರೆ ಆಗ ಕಾರಣ ಹುಡುಕಬೇಕು. ಆದರೆ ನಿಮ್ಮ ಊರಿನ ಮಟ್ಟಿಗೆ ಮೊದಲು ಅನುಮಾನಿಸಬೇಕಾದದ್ದು ದ್ರಾಕ್ಷಿ ತೋಟವನ್ನು. ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ವರ್ಷವರ್ಷವೂ ಸಿಂಪಡಿಸಿದ ತೋಟದಲ್ಲಿ ತಾಮ್ರವು ಮಣ್ಣಿನ ಮೇಲ್ಪದರಕ್ಕೆ ಅಂಟಿಕೊಂಡು ಉಳಿಯುತ್ತದೆ ಮತ್ತು ಮಳೆಗೆ ಕೊಚ್ಚಿದ ಮಣ್ಣಿನೊಡನೆ ಹಳ್ಳಕ್ಕೂ ಸೇರುತ್ತದೆ. ಇದನ್ನು ಬೇರ್ಪಡಿಸುವ ಸರಳ ದಾರಿಯೆಂದರೆ ಗುಂಡಿ ತೋಡಿ ಬೇರೆ ಬೇರೆ ಆಳದ ಮಣ್ಣನ್ನು ಪರೀಕ್ಷಿಸುವುದು: ಸಿಂಪಡಣೆಯ ತಾಮ್ರ ಕೆಳಗೆ ಹೋದಂತೆ ಬೇಗ ಇಳಿಯುತ್ತದೆ, ಕಲ್ಲಿನಿಂದ ಬಂದದ್ದು ಕೊಳೆತ ಕಲ್ಲಿನವರೆಗೂ ಮುಂದುವರಿಯುತ್ತದೆ.

ಪ್ರಶ್ನೆ: ನಕ್ಷೆಯಲ್ಲಿ ಏನೂ ಕಾಣದ ಕಡೆ ಖನಿಜ ಇಲ್ಲವೆಂದು ಕೈಬಿಡಬಹುದೇ?
— ಭೂವಿಜ್ಞಾನ ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಕೈಬಿಡಲಾಗದು. ಹಳ್ಳದ ಮಣ್ಣು ಹೇಳುವುದು ಮೇಲ್ಮೈಯಲ್ಲಿ ತೆರೆದಿರುವ ಕಲ್ಲಿನ ಕಥೆಯನ್ನು ಮಾತ್ರ. ನಿಮ್ಮ ಜಿಲ್ಲೆಯಲ್ಲಿಯೂ ಬಾಗಲಕೋಟೆಯ ಉತ್ತರ ಭಾಗದಲ್ಲಿಯೂ ಕಲಾದಗಿ ಶ್ರೇಣಿಯ ಹಳೆಯ ಶಿಲೆಗಳು ಟ್ರ್ಯಾಪಿನಡಿ ಮುಚ್ಚಿಹೋಗಿವೆ. ಅಲ್ಲಿ ಆಳದ ಕಲ್ಲಿನ ವ್ಯತ್ಯಾಸವನ್ನು ಮೇಲಿನಿಂದಲೇ ಅಳೆಯುವ ಗುರುತ್ವ ಮತ್ತು ಕಾಂತೀಯ ಸಮೀಕ್ಷೆ ನಡೆಸಿ ಕೊರೆದು ನೋಡದೆ ಗತ್ಯಂತರವಿಲ್ಲ. ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿ ಯುರೇನಿಯಂ ಶೋಧಕ್ಕೆ ಪರಮಾಣು ಖನಿಜ ನಿರ್ದೇಶನಾಲಯವೂ ಕೊರೆಯಲೇಬೇಕಾಯಿತು. ಇನ್ನು ಚಿನ್ನದಂತಹ ಧಾತು ಮಾದರಿಯಲ್ಲಿ ನೂರು ಕೋಟಿಗೆ ಒಂದೆರಡು ಭಾಗವಷ್ಟೇ ಇರುವುದರಿಂದ ಕೈಗೆ ಸಿಗದೆ ಹೋಗಬಹುದು. ಆಗ ಅದರ ಜೊತೆಗಾರ ಆರ್ಸೆನಿಕ್ ಏರಿದೆಯೇ ಎಂದು ನೋಡುತ್ತಾರೆ. ಮಾಹಿತಿಯು ಸಂಸ್ಥೆಯ ಭೂಕೋಶ ಜಾಲತಾಣದಲ್ಲಿಯೂ 2023ರ ಡಿಸೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರದಲ್ಲಿಯೂ ದೊರೆಯುತ್ತದೆ. ಬಣ್ಣದ ಚಿತ್ರಕ್ಕಿಂತ ಅಂಕಿಗಳ ಪಟ್ಟಿಯನ್ನೇ ಇಳಿಸಿಕೊಂಡು, ಶಿಲಾನಕ್ಷೆಯ ಮೇಲಿಟ್ಟು, ಟ್ರ್ಯಾಪಿನ ಮಾದರಿಗಳನ್ನೂ ಕಲಾದಗಿಯ ಮಾದರಿಗಳನ್ನೂ ಬೇರೆ ಬೇರೆಯಾಗಿ ವಿಂಗಡಿಸಿ ನೋಡಿ.