ಗೊಂಬೆಗೆ ಒಂದು ಸುಂಕ, ಆಟಿಕೆಗೆ ಇನ್ನೊಂದು

ಪ್ರಶ್ನೆ: ಟ್ರಂಪ್ ಹೇರಿದ ಸುಂಕಗಳ ವಿರುದ್ಧ 2025ರಲ್ಲಿ ತೀರ್ಪು ಕೊಟ್ಟದ್ದು ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯ ಎಂದು ಓದಿದೆ. ಅಲ್ಲಿ ನ್ಯಾಯಾಧೀಶರಾಗಲು ಅರ್ಥಶಾಸ್ತ್ರ ಓದಿರಬೇಕೇ? ತಮ್ಮನ್ನು ನೇಮಿಸಿದ ಅಧ್ಯಕ್ಷರ ಮರ್ಜಿಯಲ್ಲಿ ಅವರು ಇರಬೇಕಲ್ಲವೇ?
– ಕಾನೂನು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅರ್ಥಶಾಸ್ತ್ರದ ಪದವಿಯೇ ಬೇಕೆಂಬ ನಿಯಮವಿಲ್ಲ. ಆ ನ್ಯಾಯಾಲಯದ ನ್ಯಾಯಾಧೀಶರಾಗಿದ್ದ ಜುಡಿತ್ ಬಾರ್ಜಿಲೈ ಅವರನ್ನೇ ನೋಡಿ. 1944ರಲ್ಲಿ ಕಾನ್ಸಾಸ್‌ನಲ್ಲಿ ಹುಟ್ಟಿದ ಅವರು ಮೊದಲು ಪಡೆದದ್ದು ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ. ಕಾನೂನು ಪದವಿ ಕೈಸೇರಿದ್ದು 1981ರಲ್ಲಿ. ಅದೇ ವ್ಯಾಪಾರ ನ್ಯಾಯಾಲಯದಲ್ಲಿ ನ್ಯಾಯಾಧೀಶರಿಗೆ ಕಾನೂನು ಸಹಾಯಕರಾಗಿ ದುಡಿದು, ಬಳಿಕ ನ್ಯಾಯ ಇಲಾಖೆಯ ವಕೀಲರಾಗಿ ಸರ್ಕಾರದ ಪರ ವಾದಿಸಿದರು. ಮುಂದೆ ಸೋನಿ ಕಂಪನಿ ಸೇರಿ ಆಮದುದಾರರ ಪಾಳಯಕ್ಕೆ ಬಂದರು. 1998ರಲ್ಲಿ ಕ್ಲಿಂಟನ್ ಅವರನ್ನು ನ್ಯಾಯಾಧೀಶರಾಗಿ ನೇಮಿಸಿದರು. ಸುಂಕ ವಸೂಲು ಮಾಡುವವರ ತರ್ಕ, ಕಟ್ಟುವವರ ಸಂಕಟ ಎರಡನ್ನೂ ಬಲ್ಲವರು ಪೀಠದಲ್ಲಿ ಕೂರುವುದು ನನ್ನ ಮಟ್ಟಿಗೆ ಯಾವ ಪದವಿಗಿಂತಲೂ ದೊಡ್ಡದು.

ಅವರ ಮುಂದೆ ಬಂದ ಒಂದು ಪ್ರಕರಣವಂತೂ ಸ್ವಾರಸ್ಯಕರ. ಮಾರ್ವೆಲ್ ಕಾಮಿಕ್ಸ್ ಬಳಗದ ಟಾಯ್ ಬಿಜ್ ಎಂಬ ಕಂಪನಿ, ಅತಿಮಾನುಷ ಶಕ್ತಿಯ ನಾಯಕರ ಕಾಮಿಕ್ಸ್ ಆದ ‘ಎಕ್ಸ್‌-ಮೆನ್’ ಪಾತ್ರಗಳ ಪ್ಲಾಸ್ಟಿಕ್ ಪ್ರತಿಕೃತಿಗಳನ್ನು ಆಮದು ಮಾಡಿಕೊಂಡಿತ್ತು. ಅಂದಿನ ಸುಂಕ ಪಟ್ಟಿಯಂತೆ ಮನುಷ್ಯರೂಪದ ಗೊಂಬೆಗೆ ಶೇ 12 ಸುಂಕ, ಬೇರೆ ಜೀವಿಗಳ ಆಟಿಕೆಗೆ ಶೇ 6.8. ಕಸ್ಟಮ್ಸ್‌ನವರು ಗೊಂಬೆ ಎಂದರು. ಕಂಪನಿ, ಇವು ಮನುಷ್ಯರೇ ಅಲ್ಲ ಎಂದಿತು! ಬಾರ್ಜಿಲೈ ಒಂದೊಂದನ್ನೂ ಪರಿಶೀಲಿಸಿದರು. ವುಲ್ವರಿನ್‌ನ ಉಗುರು, ಮತ್ತೊಬ್ಬನ ರೆಕ್ಕೆ, ಇನ್ನೊಬ್ಬನ ಯಾಂತ್ರಿಕ ಕೈ ಎಲ್ಲವೂ ಲೆಕ್ಕಕ್ಕೆ ಬಂದವು. 2003ರ ತೀರ್ಪು: ಇವು ಮನುಷ್ಯರಲ್ಲ, ಆದ್ದರಿಂದ ಆಟಿಕೆ. ತಾವೂ ಮನುಷ್ಯರೇ ಎಂದು ಕಾಮಿಕ್ಸ್‌ನುದ್ದಕ್ಕೂ ಗೋಗರೆಯುವ ಪಾತ್ರಗಳಿಗೆ ಅವುಗಳ ಒಡೆಯರೇ ಹೀಗೆ ಮಾಡಿದರಲ್ಲ ಎಂದು ಅಭಿಮಾನಿಗಳು ಮುನಿಸಿಕೊಂಡರು.

ಇನ್ನು ಅಧ್ಯಕ್ಷರ ಮರ್ಜಿಯ ಮಾತು. ನೇಮಕ ಅಧ್ಯಕ್ಷರದು, ಒಪ್ಪಿಗೆ ಸೆನೆಟ್‌ನದು, ಅಧಿಕಾರ ಜೀವಮಾನವಿಡೀ. ಒಂಬತ್ತು ಸ್ಥಾನಗಳಲ್ಲಿ ಒಂದೇ ಪಕ್ಷದವರು ಐವರಿಗಿಂತ ಹೆಚ್ಚಿರಬಾರದೆಂದು ಕಾನೂನೇ ಹೇಳುತ್ತದೆ. ಸಾಮಾನ್ಯವಾಗಿ ಒಬ್ಬರೇ ವಿಚಾರಣೆ ನಡೆಸುತ್ತಾರೆ. ಭಾರೀ ಪ್ರಕರಣಗಳಿಗೆ ಮೂವರು. 2025ರ ಮೇ 28ರಂದು ಸುಂಕಗಳನ್ನು ರದ್ದುಪಡಿಸಿದ ಪೀಠದಲ್ಲಿ ರೇಗನ್ ನೇಮಿಸಿದ ಜೇನ್ ರೆಸ್ಟಾನಿ, ಒಬಾಮ ನೇಮಿಸಿದ ಗ್ಯಾರಿ ಕಾಟ್ಜ್‌ಮನ್ ಮತ್ತು ಸ್ವತಃ ಟ್ರಂಪ್ ನೇಮಿಸಿದ ಟಿಮೊತಿ ರೈಫ್ ಇದ್ದರು. ತೀರ್ಪು ಸರ್ವಾನುಮತದ್ದು. ಮೇಲ್ಮನವಿ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯಕ್ಕೆ ಹೋಗುತ್ತದೆ.

ನಿಮಗೆ ಈ ಕ್ಷೇತ್ರದಲ್ಲಿ ಆಸಕ್ತಿಯಿದ್ದರೆ ನಮ್ಮಲ್ಲಿ ಇಂಥ ವ್ಯಾಜ್ಯಗಳನ್ನು ಆಲಿಸುವ ಕಸ್ಟಮ್ಸ್, ಅಬಕಾರಿ ಮತ್ತು ಸೇವಾ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಪೀಠ ಬೆಂಗಳೂರಿನಲ್ಲೇ ಇದೆ. ಅಲ್ಲಿ ಕಾನೂನು ಬಲ್ಲ ಸದಸ್ಯರ ಜತೆ ಇಲಾಖೆಯ ಅನುಭವವುಳ್ಳ ತಾಂತ್ರಿಕ ಸದಸ್ಯರೂ ಇರುತ್ತಾರೆ, ಆದರೆ ಅವರ ಅವಧಿ ಸೀಮಿತ. ಮೊದಲು ಸುಂಕ ಪಟ್ಟಿಯ 95ನೇ ಅಧ್ಯಾಯವನ್ನು ಓದಿ ನೋಡಿ. ಅಮೆರಿಕದಲ್ಲೂ ಭಾರತದಲ್ಲೂ ಆಟಿಕೆಗಳಿರುವುದು ಅದೇ ಅಧ್ಯಾಯದಲ್ಲಿ.