ಓದುಗರ ಪ್ರಶ್ನೆ: ಫ್ಲಾಸ್ಕಿನಲ್ಲಿ ಬಂದಷ್ಟು ವೈರಸ್ ದೊಡ್ಡ ಟ್ಯಾಂಕಿನಲ್ಲಿ ಯಾಕೆ ಬರಲ್ಲ?

ಈ ಸಲವೂ ಮುಕ್ಕಾಲು ಪಾಲು ಪತ್ರಗಳಲ್ಲಿ ಒಂದೇ ಮಾತು: ಯಾವ ರೀಏಜೆಂಟ್ ಕೊಂಡರೆ ವೈರಸ್ ಜಾಸ್ತಿ ಬರುತ್ತದೆ? ಇದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಹಾಗಾಗಿ ಒಂದು ಪ್ರಶ್ನೆಯನ್ನು ಹಿಡಿದು ಪೂರ್ತಿ ಬಿಡಿಸಿ ಹೇಳುತ್ತೇನೆ. ಎಎವಿ (ಚಿಕಿತ್ಸೆಯ ಜೀನನ್ನು ಕೋಶಕ್ಕೆ ಹೊತ್ತೊಯ್ಯುವ ಸಣ್ಣ ವೈರಸ್) ಎಂದರೇನು, ಅದನ್ನು ಮಾಡಲು ಮೂರು ಪ್ಲಾಸ್ಮಿಡ್ (ದುಂಡಗಿನ ಡಿಎನ್‌ಎ ತುಣುಕು) ಯಾಕೆ ಬೇಕು ಎಂಬುದು ನಿಮಗೆ ಗೊತ್ತಿದೆ ಅಂದುಕೊಂಡೇ ಬರೆಯುತ್ತಿದ್ದೇನೆ.

ಪ್ರಶ್ನೆ: ಎಚ್‌ಇಕೆ 293 (ಲ್ಯಾಬಿನಲ್ಲಿ ಬೆಳೆಸುವ ಮನುಷ್ಯ ಮೂಲದ ಕೋಶ) ಸಸ್ಪೆನ್ಷನ್ ಕೋಶಗಳಿಗೆ ಪಿಇಐ ಎಂಬ ಪಾಲಿಮರ್ ಬಳಸಿ ಟ್ರಾನ್ಸ್‌ಫೆಕ್ಷನ್ ಮಾಡುತ್ತೇವೆ, ಅಂದರೆ ಡಿಎನ್‌ಎ ಒಳಗೆ ಸೇರಿಸುತ್ತೇವೆ. 30 ಎಂಎಲ್ ಕಲ್ಚರಿನಲ್ಲಿ ಇಳುವರಿ ಚೆನ್ನಾಗಿದೆ. 200 ಲೀಟರ್ ಬಯೋರಿಯಾಕ್ಟರಿನಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಡಿಎನ್‌ಎ, ಪಿಇಐ, ಕೋಶಗಳ ಸಾಂದ್ರತೆ ಎಲ್ಲ ಅದೇ. ಡಿಎನ್‌ಎ ಹೆಚ್ಚಿಸಬೇಕೇ, ರೀಏಜೆಂಟ್ ಬದಲಿಸಬೇಕೇ?

ಉತ್ತರ: ಎರಡೂ ಬೇಡ. ಮೊದಲು ಗಡಿಯಾರ ನೋಡಿ.

ಪಿಇಐಗೆ ಧನ ವಿದ್ಯುದಂಶ, ಡಿಎನ್‌ಎಗೆ ಋಣ. ಬೆರೆಸಿದ ಕ್ಷಣದಿಂದಲೇ ಎರಡೂ ಅಂಟಿಕೊಂಡು ಸಣ್ಣ ಕಣಗಳಾಗುತ್ತವೆ. ಉಪ್ಪಿರುವ ಮೀಡಿಯಂನಲ್ಲಿ ಆ ಕಣಗಳು ಸುಮ್ನೆ ಇರಲ್ಲ, ಒಂದಕ್ಕೊಂದು ಸೇರಿ ಬೆಳೆಯುತ್ತಲೇ ಹೋಗುತ್ತವೆ. ತೀರಾ ಸಣ್ಣದಿದ್ದಾಗ ಹಾಕಿದರೆ ಕೋಶಕ್ಕೆ ಸರಿಯಾಗಿ ಹೋಗಲ್ಲ. ಮೈಕ್ರಾನ್ ದಾಟಿ ಗಂಟುಗಂಟಾದ ಮೇಲೆ ಹಾಕಿದರೆ ಒಳಗೆ ಹೋಗುವುದು ಕಷ್ಟ, ಕೋಶಕ್ಕೆ ವಿಷವೂ ಹೌದು. ನಡುವೆ ಒಂದು ಒಳ್ಳೆಯ ಹೊತ್ತಿದೆ. ಹೆಚ್ಚಿನವರ ಪ್ರೋಟೋಕಾಲ್‌ನಲ್ಲಿ ಅದು 10ರಿಂದ 15 ನಿಮಿಷ ಎಂದಿರುತ್ತದೆ.

ಈಗ ನಿಮ್ಮ ಫ್ಲಾಸ್ಕ್ ನೋಡಿ. 30 ಎಂಎಲ್‌ಗೆ 3 ಎಂಎಲ್ ಮಿಶ್ರಣ. ಪಿಪೆಟ್ಟಿನಲ್ಲಿ ಒಂದೇ ಸಲಕ್ಕೆ ಬಿಟ್ಟರೆ ಮುಗಿಯಿತು, ಎಲ್ಲ ಕಣಗಳ ವಯಸ್ಸೂ ಒಂದೇ. 200 ಲೀಟರಿಗೆ ಅದೇ ಲೆಕ್ಕದಲ್ಲಿ 20 ಲೀಟರ್ ಮಿಶ್ರಣ ಬೇಕು. 10 ನಿಮಿಷ ಕಾದು ಪಂಪ್ ಶುರು ಮಾಡಿದಿರಿ, ಪಂಪಿಗೆ 30 ನಿಮಿಷ ಹಿಡಿಯಿತು ಅನ್ನಿ. ಮೊದಲ ಹನಿಗೆ 10 ನಿಮಿಷ, ಕೊನೆಯ ಹನಿಗೆ 40. ಬ್ಯಾಚ್ ರೆಕಾರ್ಡಿನಲ್ಲಿ ಮಾತ್ರ ‘ಇನ್‌ಕ್ಯುಬೇಷನ್ 10 ನಿಮಿಷ’ ಎಂದೇ ಇರುತ್ತದೆ. ಡಿಎನ್‌ಎ ಜಾಸ್ತಿ ಮಾಡಿದರೆ ಇದು ಸರಿಹೋಗುತ್ತಾ? ದುಬಾರಿ ಪ್ಲಾಸ್ಮಿಡ್ ದಂಡ ಅಷ್ಟೇ.

ಒಂದು ಸರಳ ಪ್ರಯೋಗ ಮಾಡಿ. ಒಂದೇ ಮಿಶ್ರಣ ಕಲಸಿ. ಒಂದೇ ಕಲ್ಚರಿನಿಂದ ತುಂಬಿಸಿದ ಫ್ಲಾಸ್ಕುಗಳಿಗೆ 5, 10, 15, 20, 30, 45 ನಿಮಿಷಕ್ಕೆ ಒಂದೊಂದರಂತೆ ಅದನ್ನೇ ಹಾಕಿ. 72 ಗಂಟೆಯ ನಂತರ ಎಲ್ಲದರ ಟೈಟರ್ (ವೈರಸ್ ಎಣಿಕೆ) ಅಳೆಯಿರಿ. ಇಳುವರಿ ಯಾವ ನಿಮಿಷದಿಂದ ಬೀಳುತ್ತದೋ ಅದು ನಿಮ್ಮ ಗಡುವು. ನಿಮ್ಮ ಮೀಡಿಯಂ, ನಿಮ್ಮ ಪಿಇಐ, ನಿಮ್ಮ ಕೋಣೆಯ ತಾಪಮಾನಕ್ಕೆ ಮಾತ್ರ ಅದು ಸರಿ. ಬೇರೆಯವರ ಪೇಪರಿನಿಂದ ಎತ್ತಿಕೊಳ್ಳಬೇಡಿ. ಒಂದೇ ಸಲದ ಫಲಿತಾಂಶವನ್ನೂ ನಂಬಬೇಡಿ, ಬೇರೆ ದಿನ ಮತ್ತೆ ಮಾಡಿ. ಈ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಹಟಮಾರಿ.

ಗಡುವು ಸಿಕ್ಕ ಮೇಲೆ ಪಂಪನ್ನು ಅದರೊಳಗೆ ಕೂರಿಸಿ. ದಪ್ಪ ಟ್ಯೂಬ್ ಹಾಕಿ ವೇಗ ಹೆಚ್ಚಿಸಬಹುದು. ಮಿಶ್ರಣದ ಪ್ರಮಾಣವನ್ನು ಕಲ್ಚರಿನ ಶೇ 10ರಿಂದ ಶೇ 5ಕ್ಕೆ ಇಳಿಸಬಹುದು, ಆದರೆ ಗಟ್ಟಿ ಮಿಶ್ರಣದಲ್ಲಿ ಕಣ ಇನ್ನೂ ಬೇಗ ಬೆಳೆಯುತ್ತದೆ, ಹಾಗಾಗಿ ಮೇಲಿನ ಪ್ರಯೋಗ ಮತ್ತೊಮ್ಮೆ ಮಾಡಲೇಬೇಕು. ನನಗೆ ಹಿಡಿಸಿದ ದಾರಿ ಬೇರೆ. ಡಿಎನ್‌ಎ ಒಂದು ಟ್ಯೂಬಿನಲ್ಲಿ, ಪಿಇಐ ಇನ್ನೊಂದರಲ್ಲಿ ಬಂದು ‘ಟಿ’ ಜೋಡಣೆಯಲ್ಲಿ ಸೇರಲಿ. ಅಲ್ಲಿಂದ ಅಳತೆಯ ಉದ್ದದ ಟ್ಯೂಬ್ ಸುರುಳಿಯಲ್ಲಿ ಹರಿದು ಟ್ಯಾಂಕಿಗೆ ಬೀಳಲಿ. ಆಗ ಮೊದಲ ಹನಿಗೂ ಕೊನೆಯ ಹನಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಇಷ್ಟಾದರೂ ಇಳುವರಿ ಏಳದಿದ್ದರೆ ಕೋಶಗಳ ಕಡೆ ಬನ್ನಿ. ಟ್ರಾನ್ಸ್‌ಫೆಕ್ಷನ್ ದಿನ ಅವು ವೇಗವಾಗಿ ಬೆಳೆಯುವ ಹಂತದಲ್ಲಿರಬೇಕು, ಜೀವಂತ ಕೋಶ ಶೇ 95ರ ಮೇಲಿರಬೇಕು. ಟ್ಯಾಂಕಿಗೆ ತುಂಬಲು ಬೆಳೆಸುವ ಸೀಡ್ ಕಲ್ಚರಿಗೆ, ಕೋಶ ಗಂಟುಗಟ್ಟದಿರಲೆಂದು, ಡೆಕ್ಸ್‌ಟ್ರಾನ್ ಸಲ್ಫೇಟ್ ಅಥವಾ ಹೆಪಾರಿನ್ ಹಾಕಿದ್ದೀರಾ? ಎರಡಕ್ಕೂ ಋಣ ವಿದ್ಯುದಂಶ ಇದೆ. ಡಿಎನ್‌ಎಗೆ ಸೇರಬೇಕಾದ ಪಿಇಐಯನ್ನು ಅವೇ ಕಿತ್ತುಕೊಳ್ಳುತ್ತವೆ. ದೊಡ್ಡ ಟ್ಯಾಂಕಿನಲ್ಲಿ ಮಾತ್ರ ಸೋಲುವುದಕ್ಕೆ ಇದೂ ಒಂದು ಕಾರಣ, ಯಾಕೆಂದರೆ ಫ್ಲಾಸ್ಕಿಗೆ ಹೊಸ ಮೀಡಿಯಂ ಹಾಕಿರುತ್ತೀರಿ, ಟ್ಯಾಂಕಿಗೆ ಹಳೆಯದೇ ಹರಿದು ಬಂದಿರುತ್ತದೆ.

ಯಾಕೆ ಇಷ್ಟು ಕಿರಿಕಿರಿ ಮಾಡುತ್ತೇನೆ ಅಂದರೆ, ಅಗತ್ಯ ಅಷ್ಟು ದೊಡ್ಡದು. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ಮಕ್ಕಳ ನರ-ಸ್ನಾಯು ಕಾಯಿಲೆಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಎವಿ ಔಷಧಿ ಜೋಲ್ಗೆನ್ಸ್ಮಾದ ಡೋಸ್ ಪ್ರತಿ ಕೆಜಿ ತೂಕಕ್ಕೆ 1.1×10¹⁴ ವೆಕ್ಟರ್ ಜೀನೋಮ್ (ಜೀನ್ ತುಂಬಿದ ವೈರಸ್ ಕಣಗಳ ಲೆಕ್ಕ). ಅಂದರೆ 110 ಲಕ್ಷ ಕೋಟಿ. ಒಂದು ಲೀಟರಿಗೆ 10¹⁴ ಸಿಕ್ಕರೂ 5 ಕೆಜಿಯ ಮಗುವಿಗೆ 5 ಲೀಟರಿನ ಮೇಲೆ ಬೇಕು, ಶುದ್ಧೀಕರಣದಲ್ಲಿ ಕಳೆದುಕೊಳ್ಳುವುದು ಬೇರೆ. ಸ್ನಾಯು ಕಾಯಿಲೆಯ ದೊಡ್ಡ ಮಕ್ಕಳಿಗೆ ಎಷ್ಟು ಬೇಕು ಲೆಕ್ಕ ಹಾಕಿ. ಪಂಪ್ ಹೊತ್ತಿನ ಅಸಡ್ಡೆಯಿಂದ ಅರ್ಧ ಬ್ಯಾಚ್ ಹೋಗುವುದನ್ನು ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಪ್ರಶ್ನೆ: ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನ್) ನೋಡಿದರೆ ಶೇ 90 ಕೋಶ ಹಸಿರು, ಟೈಟರ್ ಮಾತ್ರ ಕಮ್ಮಿ. ಯಾಕೆ?

ಉತ್ತರ: ಹಸಿರು ಕಂಡರೆ ಒಂದು ಪ್ಲಾಸ್ಮಿಡ್ ಹೋಗಿದೆ ಎಂದಷ್ಟೇ ಅರ್ಥ. ವೈರಸ್ ಆಗಲು ಮೂರೂ ಅದೇ ಕೋಶಕ್ಕೆ ಹೋಗಬೇಕು. ಐಟಿಆರ್ (ವೆಕ್ಟರ್ ಜೀನೋಮಿನ ಎರಡು ತುದಿ) ಸರಿಯಿದೆಯೇ ಎಂದು ಸ್ಮಾ-1 (SmaI) ಕಿಣ್ವದಿಂದ ಕತ್ತರಿಸಿ ಜೆಲ್ ಓಡಿಸಿ. ಬ್ಯಾಕ್ಟೀರಿಯಾದಲ್ಲಿ ಬೆಳೆಸುವಾಗ ಐಟಿಆರ್ ಉದುರಿಹೋಗುವುದು ತೀರಾ ಸಾಮಾನ್ಯ.

ಪ್ರಶ್ನೆ: ನಮ್ಮ ಟೈಟರ್ ಇದ್ದಕ್ಕಿದ್ದಂತೆ ಹತ್ತು ಪಟ್ಟು ಏರಿದೆ. ಪ್ರಕಟಿಸಬಹುದೇ?

ಉತ್ತರ: ಪಿಸಿಆರ್‌ನಲ್ಲಿ ಎಣಿಸುವ ಮುಂಚೆ ಡಿಎನ್‌ಏಸ್ (ಹೊರಗುಳಿದ ಡಿಎನ್‌ಎ ಕತ್ತರಿಸುವ ಕಿಣ್ವ) ಹಾಕಿದ್ದೀರಾ? ಇಲ್ಲವಾದರೆ ನೀವು ಎಣಿಸಿದ್ದು ಉಳಿದ ಪ್ಲಾಸ್ಮಿಡ್.

ಪ್ರಶ್ನೆ: ಕಲ್ಚರಿಗೆ ಸೇರಿಸುವ ಒಂದು ಬೂಸ್ಟರ್ ‘ಯಾವ ವೆಕ್ಟರಿಗಾದರೂ ಐದು ಪಟ್ಟು’ ಎನ್ನುತ್ತದೆ. ಕೊಳ್ಳಲೇ?

ಉತ್ತರ: ‘ಯಾವುದಕ್ಕಾದರೂ’ ಎನ್ನುವ ಮಾತು ಸುಳ್ಳು. ವಾಲ್ಪ್ರೋಯಿಕ್ ಆಮ್ಲ, ಸೋಡಿಯಂ ಬ್ಯುಟಿರೇಟ್‌ನಂಥವು ಕೆಲವು ಕಡೆ ಇಳುವರಿ ಏರಿಸುತ್ತವೆ, ಜಾಸ್ತಿಯಾದರೆ ಕೋಶಗಳನ್ನೇ ಕೊಲ್ಲುತ್ತವೆ. ಒಳಗೇನಿದೆ ಎಂದು ಹೇಳದ ಬಾಟಲಿಯನ್ನು ನಾನು ಲ್ಯಾಬಿಗೆ ಸೇರಿಸಲ್ಲ.

ಪ್ರಶ್ನೆ: ಲ್ಯಾಬಿನಲ್ಲಿ ಮಾಡಿದ ಎಎವಿಯನ್ನು ಸ್ನಾಯು ಬೆಳೆಸಲು ಒಬ್ಬರು ಚುಚ್ಚಿಕೊಡುತ್ತಾರಂತೆ. ಸುರಕ್ಷಿತವೇ?

ಉತ್ತರ: ಖಂಡಿತ ಅಲ್ಲ, ಹತ್ತಿರಕ್ಕೂ ಹೋಗಬೇಡಿ. ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ), ಖಾಲಿ ಕ್ಯಾಪ್ಸಿಡ್ (ಜೀನ್ ಇಲ್ಲದ ವೈರಸ್ ಕವಚ), ಕೋಶದ ಚೂರು ಎಲ್ಲ ಸೇರಿ ಒಳಗೆ ಹೋಗುತ್ತವೆ. ಪರೀಕ್ಷೆ ಮುಗಿಸಿದ ಶುದ್ಧ ಔಷಧಿಯೇ ದೊಡ್ಡ ಡೋಸಿನಲ್ಲಿ ಯಕೃತ್ತನ್ನು ಕೆಡಿಸಿದ್ದಿದೆ. ಸ್ವಂತಕ್ಕೆ ಚುಚ್ಚಿಕೊಳ್ಳುವ ಜೀನ್ ಥೆರಪಿ ಕಿಟ್ ಮಾರುವುದು ಕಾನೂನುಬಾಹಿರ ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಜೊತೆಗೆ, ಒಮ್ಮೆ ಚುಚ್ಚಿಸಿಕೊಂಡರೆ ದೇಹದಲ್ಲಿ ಆ ಎಎವಿ ವಿರುದ್ಧ ಪ್ರತಿಕಾಯ ಹುಟ್ಟುತ್ತದೆ. ಮುಂದೆ ನಿಜವಾದ ಚಿಕಿತ್ಸೆ ಬೇಕಾದಾಗ ಅದು ನಿಮಗೆ ಕೆಲಸ ಮಾಡದೆ ಹೋಗಬಹುದು.